ಅಂಕಪಟ್ಟಿಯ ಅಡಿಯಲ್ಲಿದ್ದ ಕಡತ

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಶಿವಮೊಗ್ಗೆಯ ಬೀದಿಗಳಲ್ಲಿ ಎರಡು ಬಗೆಯ ಸಾಲುಗಳು ಕಾಣಿಸಿಕೊಳ್ಳುತ್ತವೆ. ಒಂದು, ಬೀಜ ಗೊಬ್ಬರದ ಅಂಗಡಿಗಳ ಮುಂದೆ ನಿಲ್ಲುವ ರೈತರ ಸಾಲು. ಇನ್ನೊಂದು, ಕಾಲೇಜುಗಳ ಮುಂದೆ ನಿಲ್ಲುವ ತಂದೆತಾಯಿಗಳ ಸಾಲು. ಎರಡು ಕಡೆಯೂ ಕೈಯಲ್ಲಿ ಕಾಗದ, ಕಂಕುಳಲ್ಲಿ ಕೊಡೆ, ಮುಖದ ಮೇಲೆ ಒಂದೇ ಬಗೆಯ ಆತಂಕ. ಈ ವರ್ಷ ಬಿತ್ತಿದ್ದು ಮುಂದೆ ಬೆಳೆಯಾದೀತೋ ಇಲ್ಲವೋ ಎಂಬ ಚಿಂತೆ ರೈತನಿಗೆ ಎಷ್ಟೋ ತಂದೆಗೂ ಅಷ್ಟೇ.

ನಾನು ಇರುವುದು ಭದ್ರಾವತಿಯಲ್ಲಿ. ಪಾಠ ಹೇಳುವುದು ಶಿವಮೊಗ್ಗೆಯ ಒಂದು ಕಾಲೇಜಿನಲ್ಲಿ. ಬೆಳಿಗ್ಗೆ ಭದ್ರೆಯ ದಡದಲ್ಲಿ ಬಸ್ಸು ಹತ್ತಿ ತುಂಗೆಯ ದಡದಲ್ಲಿ ಇಳಿಯುವುದು, ಸಂಜೆ ಮತ್ತೆ ಹಿಂದಿರುಗುವುದು ಹಲವು ವರ್ಷಗಳಿಂದ ನಡೆದುಬಂದ ವ್ರತ. ಪ್ರತಿ ವರ್ಷವೂ ಪ್ರವೇಶದ ದಿನಗಳಲ್ಲಿ ದಾಖಲೆ ನೋಡುವ ಮೇಜಿನ ಹಿಂದೆ ನನ್ನನ್ನೂ ಕೂರಿಸುತ್ತಾರೆ. 2021ರಿಂದೀಚೆಗೆ ಅರ್ಜಿಗಳೆಲ್ಲ ಸರ್ಕಾರದ ಏಕೀಕೃತ ಜಾಲತಾಣದ ಮೂಲಕವೇ ಬರುತ್ತವೆ. ಆದರೂ ಮೂಲದಾಖಲೆಗಳನ್ನು ಕಣ್ಣಾರೆ ನೋಡಿ ಒಪ್ಪಬೇಕಾದವರು ಮನುಷ್ಯರೇ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಆಧಾರ್, ಭಾವಚಿತ್ರ ಇವಿಷ್ಟು ಸರಿಯಾಗಿದ್ದರೆ ಒಂದು ರುಜು, ಮುಂದಿನವರು ಬರಬಹುದು.

2023ರ ಪ್ರವೇಶದ ದಿನಗಳಲ್ಲೊಮ್ಮೆ ನಮ್ಮೂರಿನ ಕಡೆಯ ಹುಡುಗಿಯೊಬ್ಬಳು ತಂದೆಯೊಡನೆ ಬಂದಳು. ಬಿ.ಎಸ್ಸಿ. ಬೇಕಾಗಿತ್ತು, ರಸಾಯನಶಾಸ್ತ್ರ, ಗಣಿತ. ಅಂಕಗಳು ಚೆನ್ನಾಗಿಯೇ ಇದ್ದವು. ದಾಖಲೆಗಳನ್ನೆಲ್ಲ ಒಂದೊಂದಾಗಿ ಕೊಟ್ಟಮೇಲೆ, ಅಂಕಪಟ್ಟಿಯ ಅಡಿಯಲ್ಲಿ ಇಟ್ಟುಕೊಂಡಿದ್ದ ನೀಲಿ ರಟ್ಟಿನ ಫೈಲೊಂದನ್ನು ಅವಳು ಮೆಲ್ಲಗೆ ನನ್ನ ಕಡೆಗೆ ತಳ್ಳಿದಳು. ರಟ್ಟಿಗೆ ದಾರ ಕಟ್ಟಿದ್ದಿತು.

"ಇದೇನಮ್ಮ?" ಎಂದೆ.

"ಚಿತ್ರ ಸಾರ್. ನಾನೇ ಬರೆದದ್ದು."

ಸಾಲು ಬಾಗಿಲಿನಾಚೆಗೂ ಬೆಳೆದಿತ್ತು. ನಾನು ದಾರವನ್ನು ಬಿಚ್ಚಲಿಲ್ಲ. "ಇದು ಬೇಡಮ್ಮ, ಇದಕ್ಕೆ ಇಲ್ಲಿ ಜಾಗವಿಲ್ಲ" ಎಂದು ಫೈಲನ್ನು ಹಿಂದಕ್ಕೆ ಸರಿಸಿದೆ. ತಂದೆ ನಾಚಿದವರಂತೆ, "ನಾನು ಹೇಳಿದೆ ಸಾರ್, ಅವಳು ಕೇಳಲಿಲ್ಲ" ಎಂದರು. ಹುಡುಗಿ ಏನೂ ಅನ್ನಲಿಲ್ಲ. ಫೈಲನ್ನು ಎದೆಗೆ ಅವುಚಿಕೊಂಡು ಶುಲ್ಕ ಕಟ್ಟುವ ಕಿಟಕಿಯ ಕಡೆಗೆ ನಡೆದಳು.

ಆ ಸಂಜೆ ಬಸ್ಸಿನಲ್ಲಿ ಕುಳಿತಾಗ, ನಾನು ಆಡಿದ ಮಾತನ್ನು ಹಿಂದೆಲ್ಲೋ ಕೇಳಿದ್ದೇನೆ ಎನ್ನಿಸಿತು. ಎಲ್ಲಿ ಎಂಬುದು ಹೊಳೆದಾಗ ಬಸ್ಸು ಊರು ಸೇರಿತ್ತು.

ನನ್ನ ತಂದೆ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿ ಊರಿಗೆ ಒಂದು ಉಸಿರು ಕೊಟ್ಟಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಇನ್ನೊಂದನ್ನು ಕೊಟ್ಟಿತು. ಕಾಗದದ ಯಂತ್ರಗಳು ಈಗ ನಿಂತು ವರ್ಷಗಳಾದವು. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಬೇರೇನಕ್ಕೆ ಬರವಿದ್ದರೂ ಹಾಳೆಗೆ ಬರವಿರಲಿಲ್ಲ. ಅಂಚು ಸೊಟ್ಟಗಾದ, ಮಾರಾಟಕ್ಕೆ ಒದಗದ ಹಾಳೆಗಳನ್ನು ಒಟ್ಟುಮಾಡಿ, ದಬ್ಬಣದಿಂದ ತೂತು ಹೊಡೆದು, ಗೋಣಿದಾರದಿಂದ ಹೊಲಿದು ಅವ್ವ ನನಗೆ ಪುಸ್ತಕ ಕಟ್ಟಿಕೊಡುತ್ತಿದ್ದಳು. ಅಂಥದೊಂದು ಪುಸ್ತಕದ ತುಂಬ ಪದ್ಯ ಬರೆದು 1998ರಲ್ಲಿ ನಾನೂ ಒಂದು ಕಾಲೇಜಿನ ಮೇಜಿನ ಮುಂದೆ ನಿಂತಿದ್ದೆ. ನನಗೂ ಬೇಕಾಗಿದ್ದುದು ಬಿ.ಎಸ್ಸಿ.ಯೇ. ಆ ಪುಸ್ತಕವನ್ನು ಏಕೆ ಒಯ್ದೆನೆಂದು ಈಗ ಕೇಳಿದರೆ ಸರಿಯಾದ ಉತ್ತರ ನನ್ನಲ್ಲಿಲ್ಲ. ಸೀಟು ಸಿಗಲಿ ಎಂದಲ್ಲ. ಸೀಟು ಅಂಕಗಳಿಂದಲೇ ಸಿಗುತ್ತಿತ್ತು. ನಾನು ಯಾರೆಂಬುದು ಆ ಕಟ್ಟಡದಲ್ಲಿ ಒಬ್ಬರಿಗಾದರೂ ತಿಳಿಯಲಿ ಎಂಬ ಆಸೆ ಇದ್ದಿರಬೇಕು. ಮೇಜಿನ ಹಿಂದಿದ್ದವರು ಮೊದಲ ಪುಟವನ್ನೂ ತಿರುವದೆ, ಇದಕ್ಕೆ ಇಲ್ಲಿ ಜಾಗವಿಲ್ಲ ಎಂದರು. ಅವರು ಕೆಟ್ಟವರಲ್ಲ. ಅವರ ಹಿಂದೆ ನಿಯಮವಿತ್ತು, ಮುಂದೆ ಸಾಲಿತ್ತು.

ಆಮೇಲೆ ಎರಡು ವರ್ಷ ನಾನು ಪದ್ಯ ಬರೆಯಲಿಲ್ಲ. ಪದವಿಯ ಕೊನೆಯ ವರ್ಷದಲ್ಲಿ ಭೌತಶಾಸ್ತ್ರದ ಮೇಷ್ಟರೊಬ್ಬರು ಪ್ರಯೋಗದ ರೆಕಾರ್ಡಿನ ಹಿಂಬದಿಯಲ್ಲಿ ನಾನು ಗೀಚಿದ್ದ ನಾಲ್ಕು ಸಾಲುಗಳನ್ನು ಕಂಡು, ಬೈಯುವ ಬದಲಿಗೆ, "ಇನ್ನೂ ಇದೆಯೇನೋ?" ಎಂದು ಕೇಳಿದರು. ಆ ಒಂದು ಪ್ರಶ್ನೆಯ ದಾರಿಯಲ್ಲಿ ನಡೆದು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ.ಗೆ ಸೇರಿದೆ. ನಾನು ದೊಡ್ಡ ಕವಿಯೇನೂ ಆಗಲಿಲ್ಲ. ಆ ಭ್ರಮೆ ನನಗಿಲ್ಲ. ಆದರೆ ನನಗೊಪ್ಪುವ ಕೆಲಸವೊಂದು ಸಿಕ್ಕಿತು. ಹಾಗೆ ದೊರೆತ ಕುರ್ಚಿಯಲ್ಲಿ ಕುಳಿತೇ, ಇಪ್ಪತ್ತೈದು ವರ್ಷಗಳ ಮೇಲೆ, ನನಗೆ ಯಾರೋ ಹೇಳಿದ್ದನ್ನು ಅಕ್ಷರವೂ ತಪ್ಪದಂತೆ ಇನ್ನೊಬ್ಬರ ಮಗುವಿಗೆ ಹೇಳಿಬಿಟ್ಟಿದ್ದೆ.

ಹುಡುಗಿ ಸೇರಿದಳು. ನನ್ನ ಕನ್ನಡದ ತರಗತಿಯಲ್ಲೇ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಆ ಫೈಲಿನ ಮಾತನ್ನು ನಾಳೆ ಕೇಳೋಣ, ನಾಡಿದ್ದು ಕೇಳೋಣ ಎಂದು ಮುಂದೂಡುತ್ತ ಮೊದಲ ಸೆಮಿಸ್ಟರು ಕಳೆಯಿತು. ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ಮೇಷ್ಟರಾದವರಿಗೆ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆಂದು ತೋರುತ್ತದೆ. ಕೊನೆಗೊಂದು ದಿನ ವರಾಂಡದಲ್ಲಿ ನಿಲ್ಲಿಸಿ, "ಆವತ್ತು ಒಂದು ಫೈಲು ತಂದಿದ್ದೆಯಲ್ಲಮ್ಮ, ಅದನ್ನೊಮ್ಮೆ ತರುತ್ತೀಯಾ?" ಎಂದೆ. ಅವಳು ಸ್ವಲ್ಪ ತಡವರಿಸಿ, ಚೀಲದಿಂದ ದಪ್ಪನೆಯ ಪುಸ್ತಕವೊಂದನ್ನು ತೆಗೆದುಕೊಟ್ಟಳು. ಬಿಚ್ಚಿದರೆ ರಸಾಯನಶಾಸ್ತ್ರದ ಲೆಕ್ಕಗಳು, ಪುಟಪುಟವೂ ಸಮೀಕರಣಗಳು.

"ಇದಲ್ಲಮ್ಮ, ಚಿತ್ರಗಳು."

"ಅದೇ ಸಾರ್. ಹಿಂದುಗಡೆ ಖಾಲಿ ಇತ್ತಲ್ಲ, ರಫ್ ಕೆಲಸಕ್ಕೆ ಹೊಲಿದುಕೊಂಡೆ."

ಹಾಳೆ ತಿರುಗಿಸಿದೆ. ಕಾರ್ಖಾನೆಯ ಚಿಮಣಿ; ಹಳೆಯ ಕ್ವಾರ್ಟರ್ಸಿನ ಮನೆಗಳ ಸಾಲು, ಒಂದರ ಮುಂದೆ ಒಣಗಲು ಹಾಕಿದ ನೀಲಿ ಸಮವಸ್ತ್ರ; ಭದ್ರೆಯ ಹಳೆಯ ಸೇತುವೆ. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಹೋರಾಟಕ್ಕೆ ಕುಳಿತಿದ್ದರು. ಆ ಚಪ್ಪರದಡಿಯಲ್ಲಿ ಕುಳಿತವರ ಮುಖಗಳು ಒಂದು ಹಾಳೆಯ ತುಂಬ ಇದ್ದವು. ಯಾವ ಮುಖದಲ್ಲೂ ಕೂಗಿರಲಿಲ್ಲ. ಊಟದ ಡಬ್ಬಿ ಬರುವುದನ್ನು ಕಾಯುವವರ ತಾಳ್ಮೆ ಇದ್ದಿತು. ಗೆರೆಗಳಲ್ಲಿ ಅಲ್ಲಲ್ಲಿ ಅಳುಕಿತ್ತು. ಕೈಗಳನ್ನು ಬರೆಯುವುದು ಅವಳಿಗೆ ಇನ್ನೂ ಸಾಧಿಸಿರಲಿಲ್ಲ. ಆದರೆ ನೋಡುವ ಕಣ್ಣು ಅವಳದಾಗಿತ್ತು. ಕೆಲವು ಕಡೆ ಹಿಂಬದಿಯ ಶಾಯಿ ಇಳಿದು, ಒಬ್ಬ ಕಾರ್ಮಿಕನ ಹಣೆಯ ಮೇಲೆ ಒಂದು ಸಮೀಕರಣ ತಿರುವುಮುರುವಾಗಿ ಮೂಡಿದ್ದಿತು.

"ಆಮೇಲೆ ಬರೆದೆಯಾ?" ಎಂದೆ.

"ಇಲ್ಲ ಸಾರ್" ಎಂದಳು.

ಮರುವರ್ಷದ ಪ್ರವೇಶಕ್ಕೆ ಮುನ್ನ ನಡೆದ ಅಧ್ಯಾಪಕರ ಸಭೆಯಲ್ಲಿ ನಾನು ಒಂದು ಸೂಚನೆಯನ್ನು ಮುಂದಿಟ್ಟೆ. ಕಲೆಯನ್ನಾಗಲಿ ಸಾಹಿತ್ಯವನ್ನಾಗಲಿ ಮುಖ್ಯ ವಿಷಯವಾಗಿ ಓದಲು ಬಾರದ ವಿದ್ಯಾರ್ಥಿಗಳೂ ತಮ್ಮ ಸ್ವಂತ ಕೃತಿಗಳ ಒಂದು ಸಣ್ಣ ಕಟ್ಟನ್ನು ಅರ್ಜಿಯೊಡನೆ ಕೊಡಲು ಅವಕಾಶವಿರಲಿ. ಅಂಕಗಳು ಸಮನಾದೆಡೆಯಲ್ಲಿ ಅದನ್ನು ಗಮನಿಸೋಣ ಎಂಬುದು ನನ್ನ ವಾದ. ಇಂಗ್ಲಿಷಿನವರು ಇದಕ್ಕೆ ಪೋರ್ಟ್‌ಫೋಲಿಯೊ ಎನ್ನುತ್ತಾರೆ. ನಮ್ಮ ಹುಡುಗರು ಫೈಲು ಎನ್ನುತ್ತಾರೆ. ನಾನು ಕಡತ ಎನ್ನಲು ಇಷ್ಟಪಡುತ್ತೇನೆ. ಇಂದು ಕಡತವೆಂದರೆ ಕಚೇರಿಯ ಧೂಳು ನೆನಪಾಗುವುದು ನಿಜ. ಆದರೆ ಹಿಂದೆ ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲು ಬಳಿದು ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರಲ್ಲ, ಅದು ಕಡತ. ಶೃಂಗೇರಿ ಮಠದ ಕಡತಗಳು ನಮ್ಮ ನಾಡಿನ ಚರಿತ್ರೆಯನ್ನು ಓದುವವರಿಗೆ ಚಿರಪರಿಚಿತ. ಸುಲಭವಾಗಿ ಅಳಿಸಿಹೋಗಬಹುದಾದ ಬರವಣಿಗೆಯನ್ನು ಜೋಪಾನವಾಗಿ ಮಡಿಸಿಟ್ಟುಕೊಳ್ಳುವ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೆ?

ನನ್ನ ಮಾತು ಮುಗಿಯುತ್ತಿದ್ದಂತೆ ಗಣಿತದ ಸಹೋದ್ಯೋಗಿಯೊಬ್ಬರು ಎದ್ದು ನಿಂತರು. ಮೃದುಭಾಷಿ, ಆದರೆ ಲೆಕ್ಕ ತಪ್ಪುವವರಲ್ಲ. "ಕಡತ ಬರಲಿ, ಸಂತೋಷ. ಅದನ್ನು ಬರೆದವರು ಯಾರೆಂದು ಹೇಗೆ ತಿಳಿಯುತ್ತೀರಿ? ಚಿತ್ರಕಲೆಯ ತರಗತಿಗೆ ಹಣ ಕಟ್ಟಬಲ್ಲ ಮನೆಯಿಂದ ಹೊಳೆಯುವ ಕಡತ ಬರುತ್ತದೆ. ಶಾಲೆ ಮುಗಿಸಿ ಅಡಿಕೆ ಸುಲಿಯಲು ಹೋಗುವ ಹುಡುಗಿಯ ಮನೆಯಿಂದ ಏನು ಬರುತ್ತದೆ? ಈಗಂತೂ ಯಂತ್ರವೇ ಕೇಳಿದ ಕ್ಷಣದಲ್ಲಿ ಪದ್ಯ ಬರೆದುಕೊಡುತ್ತದೆ, ಚಿತ್ರ ಬಿಡಿಸಿಕೊಡುತ್ತದೆ. ಅಂಕಗಳಲ್ಲಿ ನೂರು ದೋಷವಿರಬಹುದು. ಆದರೂ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಮೂರು ಗಂಟೆ. ಬಡವರ ಮಕ್ಕಳಿಗೆ ಇರುವ ಆ ಒಂದು ಅಳತೆಗೋಲನ್ನೂ ನೀವು ಸೊಟ್ಟಗೆ ಮಾಡಬೇಡಿ" ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಸಭೆಯಲ್ಲಿ ಸೋತವನು ಮನೆಗೆ ಬಂದು ಓದತೊಡಗುವುದು ನಮ್ಮ ವೃತ್ತಿಯ ಲಕ್ಷಣ. ನಾನೂ ಓದಿದೆ.

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಂಥ ವಿಜ್ಞಾನದ ಮಹಾಶಾಲೆ ಪ್ರವೇಶ ಬಯಸುವವರಿಂದ ಇಂಥ ಕಡತಗಳನ್ನು ಸ್ವೀಕರಿಸುತ್ತದೆ. ಚಿತ್ರ ಮತ್ತು ವಾಸ್ತುಶಿಲ್ಪ, ಸಂಗೀತ ಮತ್ತು ರಂಗಭೂಮಿ, ಸಂಶೋಧನೆ ಇವುಗಳ ಜೊತೆಗೆ, ಸ್ವಂತ ಕೈಯಿಂದ ಏನನ್ನಾದರೂ ನಿರ್ಮಿಸಿದವರಿಗೂ ಒಂದು ವಿಭಾಗವಿದೆ. ಅಲ್ಲಿಗೆ ಕಲಿಯಲು ಬರುವವನು ಎಂಜಿನಿಯರನಾಗುವವನೇ ಇರಬಹುದು. ಆದರೂ ಅವನು ಪಿಟೀಲು ಬಾರಿಸಿದ್ದನ್ನು ಕೇಳುವ ಕಿವಿ ಅಲ್ಲಿದೆ. ಆದರೆ ಅದು ಕಡ್ಡಾಯವಲ್ಲ. ಕೊಡದಿದ್ದವರಿಗೆ ಬಾಗಿಲು ಮುಚ್ಚುವುದೂ ಇಲ್ಲ. ನಮ್ಮ ದೇಶದಲ್ಲಿ ಮದರಾಸಿನ ಐ.ಐ.ಟಿ. 2025-26ರ ಶೈಕ್ಷಣಿಕ ವರ್ಷದಿಂದ ಲಲಿತಕಲೆ ಮತ್ತು ಸಂಸ್ಕೃತಿಯಲ್ಲಿ ಸಾಧನೆ ತೋರಿದವರಿಗಾಗಿ ತನ್ನ ಪ್ರತಿಯೊಂದು ಪದವಿ ತರಗತಿಯಲ್ಲೂ ಎರಡು ಹೆಚ್ಚುವರಿ ಸ್ಥಾನಗಳನ್ನು ಮೀಸಲಿರಿಸಿದೆ; ಅವುಗಳಲ್ಲಿ ಒಂದು ಹೆಣ್ಣುಮಕ್ಕಳಿಗೆ. ಆದರೆ ಅದಕ್ಕೂ ಮೊದಲು ಜೆ.ಇ.ಇ. ಅಡ್ವಾನ್ಸ್‌ಡ್ ಎಂಬ ಬೆಟ್ಟವನ್ನು ಹತ್ತಿರಬೇಕು. ಲೆಕ್ಕಕ್ಕೆ ಬರುವುದು ಮುಖ್ಯವಾಗಿ ರಾಷ್ಟ್ರಮಟ್ಟದ ಪ್ರಶಸ್ತಿ ಮಾನ್ಯತೆಗಳು. ನಮ್ಮ ರಾಜ್ಯದ ಎಂಜಿನಿಯರಿಂಗ್ ಪ್ರವೇಶದಲ್ಲಿ ಕ್ರೀಡೆಗೂ ಎನ್.ಸಿ.ಸಿ.ಗೂ ವಿಶೇಷ ವರ್ಗಗಳಿವೆ. ಓಡಿದ ಕಾಲಿಗೆ ಜಾಗವುಂಟು, ಬರೆದ ಕೈಗೆ ಇಲ್ಲ.

ಹೀಗೆ ಓದುತ್ತ ಓದುತ್ತ ನನ್ನ ಮನಸ್ಸು ದೂರದ ಬಾಗಿಲುಗಳನ್ನು ಬಿಟ್ಟು ನಮ್ಮವರ ಎರಡು ಪ್ರಸಂಗಗಳ ಬಳಿ ಬಂದು ನಿಂತಿತು.

ಮೊದಲನೆಯದು ಮೈಸೂರಿನ ಆರ್.ಕೆ. ಲಕ್ಷ್ಮಣರದು. ಹೈಸ್ಕೂಲು ಮುಗಿಸಿದ ಹುಡುಗ ತಾನು ಬರೆದ ಚಿತ್ರಗಳೊಡನೆ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದನು. ಶಾಲೆ ಅವುಗಳನ್ನು ನೋಡಿ, ಇಲ್ಲಿ ಕಲಿಯುವುದಕ್ಕೆ ತಕ್ಕ ಪ್ರತಿಭೆ ಇವುಗಳಲ್ಲಿಲ್ಲ ಎಂದು ಹಿಂದಿರುಗಿಸಿತು. ಹುಡುಗ ಮೈಸೂರು ವಿಶ್ವವಿದ್ಯಾಲಯದಲ್ಲಿ ಬಿ.ಎ.ಗೆ ಸೇರಿದನು. ಕಲೆಯನ್ನು ಓದಲಿಲ್ಲ, ಬರೆಯುವುದನ್ನು ಬಿಡಲೂ ಇಲ್ಲ. ಓದುತ್ತಿರುವಾಗಲೇ ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ ಪತ್ರಿಕೆಯಲ್ಲಿ ಚಿತ್ರ ಬರೆದನು, ವೈದ್ಯರಾದ ರಾ. ಶಿ. ಅವರು 1942ರಲ್ಲಿ ಆರಂಭಿಸಿದ 'ಕೊರವಂಜಿ'ಯ ಪುಟಗಳೂ ಆ ಕೈಯನ್ನು ಕಂಡವು. ಮುಂದಿನ ಕಥೆ ಲೋಕಕ್ಕೇ ತಿಳಿದಿದೆ.

ಎರಡನೆಯದು ನಮ್ಮ ಜಿಲ್ಲೆಯ ಕುಪ್ಪಳಿಯಿಂದ ಮೈಸೂರಿಗೆ ಓದಲು ಹೋಗಿದ್ದ ಹುಡುಗನ ಪ್ರಸಂಗ. ಆತನಿಗೆ ಇಂಗ್ಲಿಷಿನಲ್ಲಿ ಕವಿತೆ ಬರೆಯುವ ಹಂಬಲ. ಒಂದು ಸಣ್ಣ ಸಂಕಲನವೂ ಆಗಲೇ ಅಚ್ಚಾಗಿತ್ತು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಅವರ ಬಳಿಗೆ ತನ್ನ ಕವಿತೆಗಳನ್ನು ಒಯ್ದನು. ಕಸಿನ್ಸ್ ನೋಡಿದರು, ನಿನ್ನ ನಾಡಿನ ನುಡಿಯಲ್ಲಿ ಬರೆ ಎಂಬ ಸಲಹೆಯನ್ನು ಕೊಟ್ಟರು. ಹುಡುಗನಿಗೆ ಆ ಕ್ಷಣದಲ್ಲಿ ಅದು ರುಚಿಸಲಿಲ್ಲ. ಆದರೂ ಬೀಜ ಬಿದ್ದಿತು. ಕುವೆಂಪು ಎಂಬ ಹೆಸರು ಆ ನೆಲದಿಂದ ಎದ್ದುದು.

ಈ ಎರಡೂ ಪ್ರಸಂಗಗಳಲ್ಲಿ ಕಡತ ಒಂದೇ ಬಗೆಯದು: ಹರೆಯದ ಕೈಯ ಕೆಲಸ. ಎರಡರಲ್ಲೂ ಅದನ್ನು ಅನುಭವಿಗಳೇ ನೋಡಿದರು. ಹಾಗಾದರೆ ವ್ಯತ್ಯಾಸವೆಲ್ಲಿ? ಒಂದು ಕಡೆ ಕಡತದ ಮೇಲೆ ಸೀಟು ತೂಗುತ್ತಿತ್ತು, ನೋಡಿದವರು ತೀರ್ಪು ಕೊಡಲೇಬೇಕಾಗಿತ್ತು, ಕೊಟ್ಟರು, ತಪ್ಪಿದರು. ಇನ್ನೊಂದು ಕಡೆ ಏನೂ ತೂಗುತ್ತಿರಲಿಲ್ಲ. ಕಸಿನ್ಸರು ಆ ಹುಡುಗನನ್ನು ಎಲ್ಲಿಗೂ ಸೇರಿಸಿಕೊಳ್ಳಬೇಕಾಗಿರಲಿಲ್ಲ, ಎಲ್ಲಿಂದಲೂ ಹೊರಗಿಡಬೇಕಾಗಿರಲಿಲ್ಲ. ಆದುದರಿಂದ ಅವರು ನಿಶ್ಚಿಂತೆಯಿಂದ ಓದಬಲ್ಲವರಾದರು; ಓದಿ, ನಿಜವಾದ ಒಂದು ಮಾತನ್ನು ಹೇಳಬಲ್ಲವರಾದರು.

ಇದು ಹೊಳೆದ ಮೇಲೆ ಗಣಿತದ ಮಿತ್ರರ ಮಾತಿಗೆ ನನ್ನಲ್ಲಿ ಉತ್ತರ ಸಿದ್ಧವಾಯಿತು. ಅವರು ಹೇಳಿದ್ದು ಸರಿ. ಕಡತವನ್ನು ತಕ್ಕಡಿಗೆ ಹಾಕಿದೊಡನೆ ಅದಕ್ಕೆ ಕಲಬೆರಕೆ ಶುರುವಾಗುತ್ತದೆ. ತೂಕ ಹೆಚ್ಚಿಸುವ ಅಂಗಡಿಗಳು ಬೀದಿಬೀದಿಯಲ್ಲಿ ತೆರೆಯುತ್ತವೆ. ಆದರೆ ತೂಗಬಾರದು ಎಂದ ಮಾತ್ರಕ್ಕೆ ಓದಬಾರದು ಎಂದಾಗುವುದಿಲ್ಲ. ಸೀಟು ಅಂಕಗಳಿಂದಲೇ ಸಿಗಲಿ, ನಿಯಮದಂತೆಯೇ ಸಿಗಲಿ. ಸಿಕ್ಕ ಮೇಲೆ, ರುಜು ಬಿದ್ದ ಮೇಲೆ, "ನಿನ್ನದು ಅಂತ ಏನಾದರೂ ಇದ್ದರೆ ತಂದು ತೋರಿಸು" ಎಂದು ಕೇಳೋಣ. ಇದನ್ನು ಹೇಳಿದಾಗ ಅವರು ನಕ್ಕು, "ಹಾಗಾದರೆ ಐದು ಕಡತ ನನಗೆ ಕೊಡಿ" ಎಂದರು.

ಕಳೆದ ಎರಡು ವರ್ಷಗಳಿಂದ ನಾವು ಕೆಲವರು ಹೀಗೆ ಮಾಡುತ್ತಿದ್ದೇವೆ. ಇದಕ್ಕೆ ಆದೇಶವಿಲ್ಲ, ಸಮಿತಿಯಿಲ್ಲ, ಪ್ರಮಾಣಪತ್ರವಂತೂ ಇಲ್ಲವೇ ಇಲ್ಲ. ಪ್ರವೇಶ ಮುಗಿದ ತಿಂಗಳೊಳಗೆ, ಇಷ್ಟವಿದ್ದವರು ತರುತ್ತಾರೆ. ಒಬ್ಬೊಬ್ಬ ಅಧ್ಯಾಪಕರು ನಾಲ್ಕೈದು ಕಡತಗಳನ್ನು ಮನೆಗೆ ಒಯ್ದು ಓದಿ, ಅರ್ಧ ಪುಟದ ಕಾಗದ ಬರೆದು ಹಿಂದಿರುಗಿಸುತ್ತಾರೆ.

ಬಂದ ವಸ್ತುಗಳನ್ನು ನೋಡಿ ನಮ್ಮ ಎಣಿಕೆಗಳೇ ತಲೆಕೆಳಗಾದವು. ಪದ್ಯಗಳು ಬರುತ್ತವೆ ಎಂದುಕೊಂಡಿದ್ದೆವು, ಬಂದವು. ಅದರೊಡನೆ, ಬಿ.ಕಾಂ.ಗೆ ಸೇರಿದ ಸಾಗರದ ಕಡೆಯ ಹುಡುಗಿಯೊಬ್ಬಳು ಅಜ್ಜಿಯಿಂದ ಕಲಿತ ಹಸೆ ಚಿತ್ತಾರವನ್ನು ಹಾಳೆಯ ಮೇಲೆ ಬರೆದು ತಂದಳು; ಗೋಡೆಯ ಮೇಲಾದರೆ ಪುಂಡಿನಾರಿನ ಕುಂಚದಿಂದ ಬರೆಯಬೇಕು, ಇಲ್ಲಿ ಪೆನ್ನಿನಲ್ಲಿ ಬರೆದಿದ್ದೇನೆ, ಕ್ಷಮಿಸಿ ಎಂಬ ಟಿಪ್ಪಣಿಯೊಡನೆ. ತೀರ್ಥಹಳ್ಳಿಯ ಹಾದಿಯ ಹುಡುಗನೊಬ್ಬ ಮಂಡಗದ್ದೆಯ ನದಿನಡುವಿನ ಮರಗಳಿಗೆ ಬರುವ ಹಕ್ಕಿಗಳನ್ನು ಮೂರು ಮಳೆಗಾಲ ನೋಡಿ ಬರೆದಿಟ್ಟ ದಿನಚರಿಯನ್ನು ತಂದ. ಹಕ್ಕಿಗಳಿಗೆ ಪುಸ್ತಕದ ಹೆಸರಲ್ಲ, ಅವನ ಊರಿನವರು ಕರೆಯುವ ಹೆಸರು. ಆತ ಸೇರಿದ್ದು ಗಣಕ ವಿಜ್ಞಾನಕ್ಕೆ. ಭದ್ರಾವತಿಯ ಇನ್ನೊಬ್ಬ ಹುಡುಗ, ತನ್ನಲ್ಲಿ ತೋರಿಸುವಂಥದು ಏನೂ ಇಲ್ಲವೆಂದು ಹೇಳುತ್ತಲೇ ಇದ್ದವನು, ಕೊನೆಯ ದಿನ ಜೇಬಿನಿಂದ ಹಿತ್ತಾಳೆಯ ಬುಗುರಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ರಜೆಯಲ್ಲಿ ಲೇತ್ ಯಂತ್ರದ ಅಂಗಡಿಯಲ್ಲಿ ಕೂಲಿಗೆ ಹೋಗಿದ್ದಾಗ, ಬಿಡುವಿನಲ್ಲಿ ತುಂಡು ಲೋಹದಿಂದ ಕಡೆದದ್ದಂತೆ. ಗಣಿತದ ಮಿತ್ರರು ಅದನ್ನು ತಿರುಗಿಸಿ ಬಿಟ್ಟರು. ಅದು ಅಲುಗದೆ, ಸದ್ದಿಲ್ಲದೆ, ನಾವು ಕಾದು ಬೇಸರಪಡುವಷ್ಟು ಹೊತ್ತು ತಿರುಗಿತು. "ಇದರ ನಡುಬಿಂದು ಹೇಗೆ ಹಿಡಿದೆಯೋ?" ಎಂದು ಅವರು ಕೇಳಿದರು. ಆ ಹುಡುಗನಿಗೂ ಗಣಿತಕ್ಕೂ ಅಂದು ಆದ ಪರಿಚಯ ಇಂದಿಗೂ ಉಳಿದಿದೆ.

ಅಡಿಕೆ ಸುಲಿಯುವ ಹುಡುಗಿಯ ಮನೆಯಿಂದ ಏನು ಬರುತ್ತದೆ ಎಂದು ಅವರು ಕೇಳಿದ್ದರಲ್ಲವೆ? ಸುಲಿಯುವ ಹೊತ್ತಿನಲ್ಲಿ ಹೆಂಗಸರು ಹೇಳುವ ಒಗಟುಗಳ ಒಂದು ಪಟ್ಟಿ ಬಂದಿತು. ಅದನ್ನು ಓದಿದವರೂ ಅವರೇ.

ನಮ್ಮ ಶಿವಮೊಗ್ಗೆಗೆ ಇದೇನೂ ಹೊಸದಾಗಬೇಕಾಗಿಲ್ಲ. ಇಲ್ಲಿಯ ಸಹ್ಯಾದ್ರಿ ಕಾಲೇಜಿನಲ್ಲಿ ಒಂದು ಕಾಲಕ್ಕೆ ಭೂವಿಜ್ಞಾನದ ಪಾಠ ಹೇಳುತ್ತಿದ್ದವರು ಕೆ.ಎಸ್. ನಿಸಾರ್ ಅಹಮದ್. ತರಗತಿಯಲ್ಲಿ ಶಿಲೆಗಳ ಪದರಗಳನ್ನು ವಿವರಿಸುತ್ತಿದ್ದ ಅದೇ ಮೇಷ್ಟರು 'ನಿತ್ಯೋತ್ಸವ'ದ ಕವಿ. ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ವಿಜ್ಞಾನದ ತರಗತಿಯಿಂದ ಸಾಹಿತ್ಯಕ್ಕೆ ಇರುವ ದಾರಿ ಕನ್ನಡದಲ್ಲಿ ಬಹಳ ಹಿಂದೆಯೇ ಸವೆದ ದಾರಿ. ಪ್ರವೇಶದ ಮೇಜಿಗೆ ಮಾತ್ರ ಅದು ತಿಳಿದಿರಲಿಲ್ಲ.

ಇನ್ನು, ಹೊರಗಿನ ಸಂಸ್ಥೆಗಳಿಗೆ ಅರ್ಜಿ ಹಾಕುವ ವಿದ್ಯಾರ್ಥಿಗಳು ಕೆಲವರು ನನ್ನ ಬಳಿ ಬಂದು ಕೇಳುವುದುಂಟು. ಅವರಿಗೆ ಹೇಳುವ ನಾಲ್ಕು ಮಾತುಗಳನ್ನು ಇಲ್ಲಿಯೂ ಹೇಳಿದರೆ ತಪ್ಪಾಗಲಾರದು. ಮೊದಲನೆಯದಾಗಿ, ಆ ಸಂಸ್ಥೆ ಕಡತವನ್ನು ಕೇಳುತ್ತದೆಯೇ ಎಂಬುದನ್ನು ಅದರ ಪ್ರಕಟಣೆಯಲ್ಲೇ ಓದಿ ತಿಳಿಯಿರಿ. ಬೇಡವೆಂದವರಿಗೆ ಕಳಿಸುವುದು ಕರೆಯದ ಮನೆಗೆ ಹೋಗಿ ಎಲೆಯ ಮುಂದೆ ಕುಳಿತಂತೆ. ಎರಡನೆಯದಾಗಿ, ಬರೆದುದನ್ನೆಲ್ಲ ತುಂಬಬೇಡಿ. ಇಪ್ಪತ್ತು ಕೃತಿಗಳಲ್ಲಿ ನಾಲ್ಕು ಮಾತ್ರ ಚೆನ್ನಾಗಿದ್ದರೆ, ಉಳಿದ ಹದಿನಾರು ಆ ನಾಲ್ಕರ ಮೇಲೆ ಮಣ್ಣು ಹಾಕುತ್ತವೆ. ಮೂರನೆಯದಾಗಿ, ಒಂದೊಂದಕ್ಕೂ ಎರಡು ಸಾಲಿನ ಟಿಪ್ಪಣಿ ಇರಲಿ: ಯಾವಾಗ ಮಾಡಿದ್ದು, ಯಾರಿಂದ ಕಲಿತದ್ದು, ನೆರವು ಪಡೆದಿದ್ದರೆ ಎಷ್ಟು ಪಡೆದದ್ದು. ಮುಚ್ಚಿಟ್ಟ ನೆರವು ಬಯಲಾದರೆ ನಿಜವಾಗಿ ನಿಮ್ಮದಾದುದನ್ನೂ ಯಾರೂ ನಂಬರು. ನಾಲ್ಕನೆಯದಾಗಿ, ಮೂಲಪ್ರತಿಯನ್ನು ಎಂದಿಗೂ ಕೊಡಬೇಡಿ; ನಕಲನ್ನು ಕೊಡಿ.

ಕಲೆಯನ್ನು ಓದುವವರಲ್ಲದ ನಿಮಗೆ ಇನ್ನೊಂದು ಮಾತು. ನಿಮ್ಮ ಚಿತ್ರಕ್ಕೂ ನೀವು ಓದಲಿರುವ ರಸಾಯನಶಾಸ್ತ್ರಕ್ಕೂ ಬಲವಂತದಿಂದ ನಂಟು ಕಟ್ಟಲು ಹೋಗಬೇಡಿ. ತುಂಗೆ ತನ್ನ ಪಾಡಿಗೆ, ಭದ್ರೆ ತನ್ನ ಪಾಡಿಗೆ ಎಷ್ಟೋ ದೂರ ಹರಿಯುತ್ತವೆ; ಕೂಡಲಿಯಲ್ಲಿ ತಾವಾಗಿಯೇ ಕೂಡುತ್ತವೆ. ಕಾಲುವೆ ತೋಡಿ ಅವಸರ ಮಾಡುವ ಅಗತ್ಯವಿಲ್ಲ. ಹಾಗೆಯೇ, ಕಡತದ ಭರವಸೆಯ ಮೇಲೆ ಓದನ್ನು ಕಡೆಗಣಿಸಲೂಬೇಡಿ. ಬಾಗಿಲು ತೆರೆಯುವುದು ನಮ್ಮಲ್ಲಿ ಇಂದಿಗೂ ಅಂಕಪಟ್ಟಿಯೇ.

ಈ ಎಲ್ಲಕ್ಕೂ ಮೂಲಳಾದ ಆ ಹುಡುಗಿಯ ವಿಷಯವನ್ನು ಹೇಳದೆ ಮುಗಿಸಿದರೆ ವಾಚಕರು ನನ್ನನ್ನು ಕ್ಷಮಿಸಲಾರರು. ಅವಳ ಆ ಲೆಕ್ಕದ ಪುಸ್ತಕವನ್ನು ಅಂದು ನಾನು ಒಂದು ವಾರ ಇಟ್ಟುಕೊಂಡಿದ್ದೆ. ಹಿಂದಿರುಗಿಸುವಾಗ ಅರ್ಧ ಪುಟದ ಒಂದು ಕಾಗದವನ್ನು ಅದರೊಳಗಿಟ್ಟೆ. ಮೊದಲ ಸಾಲಿನಲ್ಲಿ ಆ ದಿನ ಮೇಜಿನ ಬಳಿ ನಡೆದುದಕ್ಕೆ ಕ್ಷಮೆ ಕೇಳಿದ್ದೆ. ಉಳಿದುದರಲ್ಲಿ ಚಪ್ಪರದಡಿಯ ಮುಖಗಳು ಏಕೆ ಮನಸ್ಸಿಗೆ ಹಿಡಿಸಿದವು, ಕೈಗಳು ಏಕೆ ಇನ್ನೂ ಮರದ ಕೈಗಳಂತೆ ಕಾಣುತ್ತವೆ ಎಂಬುದನ್ನು ಬರೆದಿದ್ದೆ. ಮುಂದಿನ ಸೆಮಿಸ್ಟರು ಮುಗಿಯುವವರೆಗೂ ಅವಳು ಆ ಮಾತೆತ್ತಲಿಲ್ಲ. ನನ್ನ ಕಾಗದ ತಡವಾಯಿತು, ಆರಿದ ಒಲೆಗೆ ಊದಿದಂತಾಯಿತು ಎಂದೇ ಬಗೆದೆ.

ಎರಡನೆಯ ವರ್ಷದಲ್ಲಿ, ಹೊಸಬರ ಕಡತಗಳು ಬರುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಳು.

"ಹಳಬರೂ ಕೊಡಬಹುದಾ ಸಾರ್?"

"ಕೊಡಬಹುದಮ್ಮ."

"ಇದಕ್ಕೆ ಇಂಟರ್ನಲ್ ಮಾರ್ಕ್ಸ್ ಏನಾದರೂ ಇದೆಯಾ?"

"ಇಲ್ಲ. ಒಂದೂ ಇಲ್ಲ."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಹಾಗಾದರೆ ತರುತ್ತೇನೆ" ಎಂದು ಹೇಳಿ ಹೋದಳು.

ಮರುದಿನ ತಂದ ಕಡತದಲ್ಲಿ ಹತ್ತು ಹನ್ನೆರಡು ಹಾಳೆಗಳಿದ್ದವು. ಎಲ್ಲದರಲ್ಲೂ ಕೈಗಳೇ: ಹಿಟ್ಟು ಕಲಸುವ ಕೈ, ಬಸ್ಸಿನ ಕಂಬಿ ಹಿಡಿದ ಕೈ, ಪ್ರಯೋಗಶಾಲೆಯಲ್ಲಿ ಪಿಪೆಟ್ಟು ಹಿಡಿದ ಕೈ, ತಂದೆಯ ಬೆರಳು ತುಂಡಾದ ಕೈ. ಅದನ್ನು ತಿರುವಿ ನೋಡಿದೆ. ಹಿಂಬದಿಯಲ್ಲಿ ಯಾವ ಲೆಕ್ಕವೂ ಇರಲಿಲ್ಲ.